ಏಣಿಯ ನಡುವೆ ನಿಂತ ಕಂತು

ಫೋನಿಗಾಗಿ ಕತೆ ಬರೆಯುವುದನ್ನು ನಾನು ಬೇಗ ಕಲಿತೆ. ಮೊದಲ ಸಾಲಿನಲ್ಲೇ ಯಾರಾದರೂ ಬಾಗಿಲು ಬಡಿಯಬೇಕು. ಪ್ಯಾರಾ ಪರದೆಗಿಂತ ಉದ್ದವಾಗಬಾರದು. ಮಳೆ, ಮರ, ಮುದುಕರ ನೆನಪು, ಇವಕ್ಕೆ ಒಂದೊಂದು ಸಾಲು ಸಾಕು. ಹೆಚ್ಚಾದರೆ ಓದುಗರು ಎಲ್ಲಿ ಬಿಟ್ಟುಹೋದರು ಎಂಬುದನ್ನು ಆ್ಯಪ್‌ನವರು ಗ್ರಾಫ್ ಹಾಕಿ ತೋರಿಸುತ್ತಾರೆ. ಕಂತಿನ ಕೊನೆಗೆ ಯಾರದಾದರೂ ಜೀವವೋ ಮದುವೆಯೋ ತೂಗಾಡುತ್ತಿರಬೇಕು.

ಹೀಯಾಳಿಸಲು ಇದನ್ನು ಹೇಳುತ್ತಿಲ್ಲ. ಎಂ.ಕಾಂ. ಮುಗಿಸಿ ಜೀವನ್ ಬಿಮಾ ನಗರದ ಆಡಿಟರ್ ಆಫೀಸಿನಲ್ಲಿ ಕೂತ ನನಗೆ ಯಾವ ಪತ್ರಿಕೆಯೂ ಇಷ್ಟು ಓದುಗರನ್ನು ಕೊಟ್ಟಿರಲಿಲ್ಲ. ಕೆ.ಆರ್. ಪುರದ ಬಸ್ಸಿನಲ್ಲಿ ಒಬ್ಬ ಹುಡುಗಿ ನಿಂತುಕೊಂಡೇ ನನ್ನ ಕತೆ ಓದುತ್ತಿದ್ದಳು. ಪಕ್ಕದಲ್ಲಿ ನಾನೇ ಇದ್ದೆ. ಅವಳು ಇಳಿಯಬೇಕಾದ ಸ್ಟಾಪ್ ದಾಟಿಹೋಯಿತು. ಆ ಸಂತೋಷವನ್ನು ಈಗಲೂ ಯಾರಿಗೂ ಬಿಟ್ಟುಕೊಡಲಾರೆ.

ಆಮೇಲೆ ಎದುರುಮನೆ ವಾಲಿತು.

ಕಗ್ಗದಾಸಪುರದ ನಮ್ಮ ಗಲ್ಲಿಯಲ್ಲಿ ಕರಿಬೇವಿನ ಎಸಳನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಕೋಲಿನ ತುದಿಯಲ್ಲಿ ದಾಟಿಸುವಷ್ಟೇ ಅಂತರ. ಎದುರಿನ ಬಾಡಿಗೆ ಕಟ್ಟಡದ ಹಿಂದಿನ ಸೈಟಿನಲ್ಲಿ ಪಾಯಕ್ಕೆ ಆಳವಾಗಿ ಅಗೆದಿದ್ದರು. ಬೆಳಿಗ್ಗೆ ನಾನು ಟೆರೇಸಿನಲ್ಲಿ ಬಟ್ಟೆ ಹರವುತ್ತಿದ್ದಾಗ ಮರ ಸೀಳಿದಂಥ ಸದ್ದು ಬಂತು. ಕಟ್ಟಡ ಆ ಗುಂಡಿಯ ಕಡೆಗೆ ಬಾಗಿತ್ತು. ಕೆಳಗಿನವರೆಲ್ಲ ಬೀದಿಗೆ ಓಡಿದರು. ಮೇಲಿನ ಮನೆಯ ಬಾಗಿಲು ಮಾತ್ರ ಚೌಕಟ್ಟು ಸೊಟ್ಟಗಾಗಿ ಸಿಕ್ಕಿಕೊಂಡಿತು. ಅಲ್ಲಿದ್ದ ಕಲಬುರಗಿ ಕಡೆಯ ಹೆಂಗಸು ನಮ್ಮ ಟೆರೇಸಿಗೆ ನೇರ ಎದುರಾಗಿದ್ದ ಬಾಲ್ಕನಿಗೆ ಬಂದು ನಿಂತಳು. ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವಳು, ಅಂದು ಜ್ವರವೆಂದು ಮನೆಯಲ್ಲಿ ಉಳಿದಿದ್ದಳು.

ನಮ್ಮ ಓನರ್ ತಾತ ಮೇಲೆ ಬಂದರು. ಈ ಗಲ್ಲಿಯೆಲ್ಲ ಒಂದು ಕಾಲಕ್ಕೆ ಅವರ ಅಪ್ಪನ ರಾಗಿ ಹೊಲ. ಬಣ್ಣ ಬಳಿಯುವವರು ಬಿಟ್ಟುಹೋಗಿದ್ದ ಬಿದಿರಿನ ಏಣಿಯನ್ನು ನಾವಿಬ್ಬರೂ ಎತ್ತಿ ನಮ್ಮ ಪ್ಯಾರಾಪೆಟ್‌ನಿಂದ ಅವಳ ಬಾಲ್ಕನಿಗೆ ಅಡ್ಡ ಹಾಕಿದೆವು.

"ಬಾರವ್ವ, ಅಂಬೆಗಾಲಲ್ಲಿ ಬಾ. ಕೆಳಗಡೆ ನೋಡ್ಬೇಡ, ನನ್ ಮೊಕ ನೋಡು!" ಎಂದು ತಾತ ಕೂಗಿದರು.

"ನಿಮ್ಮ ಮಾರಿ ನೋಡಿದ್ರ ಇನ್ನೂ ಅಂಜಿಕಿ ಬರ್ತದ್ರೀ ಯಜ್ಜಾ!" ಎನ್ನುತ್ತಲೇ ಅವಳು ಏಣಿಗೆ ಮಂಡಿಯೂರಿದಳು.

ಅವಳು ನಡುವಿಗೆ ಬಂದಾಗ ಕಟ್ಟಡ ಇನ್ನಷ್ಟು ವಾಲಿತು. ಅಂತರ ಹಿಗ್ಗಿತು. ನಾನು ಹಿಡಿದಿದ್ದ ತುದಿ ಪ್ಯಾರಾಪೆಟ್‌ನ ಅಂಚಿನ ಕಡೆಗೆ ಜರುಗಿತು. ಬಿದಿರಿನ ಗಿಣ್ಣು ಅಂಗೈಯನ್ನು ಕೊರೆದುಕೊಂಡು ಹೋಯಿತು.

ಇಂದಿಗೂ ಬಸ್ಸಿನ ಕಂಬಿ ಹಿಡಿದರೆ, ಕುಕ್ಕರಿನ ಹಿಡಿ ಹಿಡಿದರೆ, ಕೈಯೊಳಗೆ ಏಣಿ ಜಾರುತ್ತದೆ. ಅವಳು ದಾಟಿ ಬಂದಳು. ನಮ್ಮ ಟೆರೇಸಿನ ಮೇಲೆ ಬಿದ್ದು ನನ್ನ ಒದ್ದೆ ಬಟ್ಟೆಗಳ ನಡುವೆ ಕೂತು ಪಾಯ ಅಗೆದವನ ವಂಶವನ್ನೆಲ್ಲ ಬೈದಳು. ಇದು ನನಗೆ ಗೊತ್ತು. ಆದರೆ ನೆನಪು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಜಾರುವಲ್ಲಿ ತುಂಡಾಗುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ದಾಟಿಸಿಯೇ ತೀರಬೇಕೆಂದು ಬರೆಯಲು ಕೂತೆ. ಅಷ್ಟರಲ್ಲಿ ಅವಳೂ ಗಂಡನೂ ರಾಮಮೂರ್ತಿ ನಗರದ ಬಾಡಿಗೆ ಕೋಣೆಗೆ ಹೋಗಿದ್ದರು. ಒಪ್ಪಿಗೆ ಕೇಳಲು ಹೋದಾಗ ಅವಳು ಹೇಳಿದ್ದು ಒಂದೇ ಮಾತು: "ಬರೀರಿ ಅಕ್ಕಾರ. ಆದ್ರ ನನ್ನ ಈ ದಂಡಿಗಿ ತಂದು ಬಿಡ್ರಿ."

ಈ ಬದಿಗೆ ತರುತ್ತೇನೆ ಎಂದು ಮಾತು ಕೊಟ್ಟೆ. ಇಡೀ ಕತೆಯನ್ನು ಒಂದೇ ಭಾಗವಾಗಿ ಬರೆದು, ತುಂಡು ಮಾಡಬೇಡಿ ಎಂದು ಸೂಚಿಸಿಯೇ ಕಳಿಸಿದೆ. ಆ್ಯಪ್‌ನವರು ತುಂಡು ಮಾಡಿದರು. ಏಣಿ ಜಾರಿದಲ್ಲಿಗೆ ಮೊದಲ ಕಂತು ಮುಗಿಯಿತು. ಪರದೆಯ ಕೆಳಗೆ ಎರಡು ಬಟನ್‌ಗಳು: ಬೀಳುತ್ತಾಳೆ, ದಾಟುತ್ತಾಳೆ. ಒತ್ತಿ, ನಿಮ್ಮ ಊಹೆ ತಿಳಿಸಿ. ಓದುವುದರ ಜೊತೆಗೆ ಕೇಳಲು ಆಡಿಯೋ ಬೇರೆ. ಉಳಿದದ್ದು ಮುಂದಿನ ವಾರ.

ಮರುದಿನ ಮಧ್ಯಾಹ್ನ ಅವಳೇ ಫೋನ್ ಮಾಡಿದಳು. ಹಿಂದೆ ಹೊಲಿಗೆ ಮಷಿನ್‌ಗಳ ಸದ್ದು.

"ಅಕ್ಕಾರ, ನನ್ನ ಏಣಿ ಮ್ಯಾಲೇ ನಿಂದ್ರಿಸೀರಲ್ರೀ!"

"ನಾನಲ್ಲ ಕಣಮ್ಮ, ಅವ್ರು ಕಟ್ ಮಾಡ್ಬಿಟ್ಟಿದಾರೆ."

"ಇಲ್ಲಿ ಎಲ್ಲಾರೂ ಕಿವಿಗಿ ಹಾಕ್ಕೊಂಡು ಕೇಳ್ಯಾರ. ಬಾಜೂಕಿನಾಕಿ ಬೀಳ್ತಾಳಂತ ಒತ್ಯಾಳಂತ. ನನ್ನ ಮುಂದ ಹೇಳ್ತಾಳ್ರಿ! ಏ ಮೂಳಿ, ನಾ ಇಲ್ಲೇ ಕುಂತೀನಲ್ಲ ಅಂದ್ರ, ಕತಿಯೊಳಗ ಬಿದ್ರ ಛಂದಿರ್ತದ ಅಂತಾಳ." ನಕ್ಕಳು. ನಗು ಬೇಗ ನಿಂತಿತು. "ರಾತ್ರಿ ನಿದ್ದಿ ಬರಲಿಲ್ರಿ ಅಕ್ಕಾರ. ಲಗೂನ ಇಳಿಸ್ರಿ."

ಆ್ಯಪ್‌ನ ಎಡಿಟರ್‌ಗೆ ಫೋನ್ ಮಾಡಿದೆ. ಇಂದಿರಾನಗರದ ಆಫೀಸಿನಲ್ಲಿ ಕೂರುವ, ನನಗಿಂತ ಚಿಕ್ಕವಳು. ನನ್ನ ಕತೆಗಳನ್ನು ಪ್ರೀತಿಯಿಂದ ತಿದ್ದಿದವಳು.

"ಮೇಡಂ, ಗ್ರಾಫ್ ನೋಡಿದ್ರಾ? ಒಬ್ರೂ ಮಧ್ಯದಲ್ಲಿ ಬಿಟ್ಟಿಲ್ಲ!"

"ಉಳಿದಿದ್ದನ್ನ ಇವತ್ತೇ ಹಾಕಿ. ಆ ವೋಟಿಂಗ್ ತೆಗೀರಿ."

"ಒಂದು ವಾರ ಅಷ್ಟೇ ಅಲ್ವಾ?"

"ಒಂದು ವಾರ ಏಣಿ ಮೇಲೆ ನೀವು ನಿಂತ್ಕೋತೀರಾ?"

ಅವಳು ಮೆಲ್ಲಗೆ, "ನನ್ ಕೈಲಿಲ್ಲ ಮೇಡಂ. ವಾಪಸ್ ತಗೊಳ್ತೀರಾ ಅಂದ್ರೆ ಅಕೌಂಟೇ ಕ್ಲೋಸ್ ಮಾಡ್ಬೇಕಾಗುತ್ತೆ. ಹಳೇ ಸೀರೀಸ್, ಫಾಲೋವರ್ಸ್, ಎಲ್ಲಾ ಹೋಗುತ್ತೆ," ಎಂದಳು.

"ಹೋಗ್ಲಿ."

ಹೋಯಿತು. ಬಸ್ಸಿನ ಆ ಹುಡುಗಿಯೂ ಹೋದಳು. ಇಡೀ ಕತೆಯನ್ನು ನನ್ನದೇ ಪುಟದಲ್ಲಿ ಹಾಕಿದೆ. ಮೊದಲ ವಾಕ್ಯದಲ್ಲೇ ಅವಳು ಬದುಕಿದ್ದಾಳೆಂದು ಬರೆದೆ. ಇನ್ನು ಓದುವವರು ಅವಳಿಗಾಗಿ ಓದಲಿ, ಅವಳು ಬೀಳುವುದಕ್ಕಾಗಿ ಅಲ್ಲ. ಲಿಂಕ್ ಕಳಿಸಿದ ಸಂಜೆ ಅವಳು ಗಂಡನಿಂದ ಜೋರಾಗಿ ಓದಿಸಿಕೊಂಡಳಂತೆ. "ಬೈಗಳು ಕಮ್ಮಿ ಹಾಕೀರಿ," ಎಂದು ದೂರಿದಳು. ಸೇರಿಸಿದೆ.

ಫೋನಿನಲ್ಲಿ ಬರೆಯುವುದನ್ನು ಬಿಟ್ಟಿಲ್ಲ. ಓದುಗರು ಅಲ್ಲಿದ್ದಾರೆ, ನಾನೂ ಅಲ್ಲೇ ಇರುತ್ತೇನೆ. ಹೆದರಿಕೆ ಕೆಲವು ಉಸಿರಿನಷ್ಟು ಹೊತ್ತು ಇತ್ತು. ಅದರ ಆಚೆಗೆ ಅವಳು ಮನೆ ಹುಡುಕಿದಳು, ಮಹಡಿ ಮೆಟ್ಟಿಲು ಕಂಡರೆ ಬೇಡವೆಂದು ವಾಪಸಾದಳು, ಕೊನೆಗೆ ನೆಲಮಹಡಿಯ ಕೋಣೆಯಲ್ಲಿ ಒಲೆ ಹಚ್ಚಿ ರೊಟ್ಟಿ ಬಡಿದಳು. ಅದನ್ನೆಲ್ಲ ಕತೆಯಾಗಿ ಬರೆಯುತ್ತಿದ್ದೇನೆ, ನಿಧಾನವಾಗಿ, ಪರದೆಗಿಂತ ಉದ್ದದ ಪ್ಯಾರಾಗಳಲ್ಲಿ.

ಮೊನ್ನೆ ಆ ಎಡಿಟರ್ ತಾನಾಗಿಯೇ ಫೋನ್ ಮಾಡಿದಳು. "ನಿಮ್ಮ ಹೊಸಾದು ಓದಿದೆ ಮೇಡಂ. ಪೂರ್ತಿ ಓದಿದೆ. ಆದ್ರೆ ಒಂದು ಹೇಳ್ಲಾ? ಇದ್ರಲ್ಲಿ ಏನೂ ಆಗಲ್ವಲ್ಲ?"

"ಹೌದು," ಎಂದೆ. "ಅವಳಿಗೆ ಏನೂ ಆಗಬಾರದು ಅಂತಾನೇ ಬರೀತಿದ್ದೀನಿ."