ಬಾವುಟದವನು ಇಳಿದದ್ದು

ಕಮರಿಯ ನಕ್ಷೆ ಬರೆಯುವ ತಂಡದಲ್ಲಿ ಅವನಿಗಿದ್ದದ್ದು ಒಂದೇ ಕೆಲಸ, ಬಾವುಟ ಹಿಡಿದು ನಿಲ್ಲುವುದು. ಕೆಳಗೆ ಪಾತಾಳದಲ್ಲಿ ಹೊಳೆ, ಎರಡು ಕಡೆಗೂ ಗೋಡೆಯಂಥ ಬಂಡೆ. ಆಚೆಯ ನೆತ್ತಿಯ ಮೇಲೆ ಅವನು ನಿಂತರೆ, ಈಚೆಯಿಂದ ಅವನ ಹೆಂಡತಿಯ ಅಣ್ಣ ದುರ್ಬೀನಿನಲ್ಲಿ ಬಾವುಟ ನೋಡಿ ಅಳತೆ ಹಿಡಿಯುತ್ತಿದ್ದ. ಕೂಗಿದರೆ ಕೇಳುವ ದೂರವಲ್ಲ. ಅಳತೆ ಮುಗಿದ ಮೇಲೆ ಅಣ್ಣ ಬಿಳಿ ಬಟ್ಟೆಯನ್ನು ಎರಡು ಸಲ ಬೀಸಬೇಕು, ಆಗಲೇ ಇವನು ಇಳಿಯಬೇಕು.

ಮದುವೆಯಾದ ಹೊಸದರಲ್ಲಿ ಹೆಂಡತಿ ನಕ್ಕಿದ್ದಳು. “ಅಲ್ರೀ, ಸುಮ್ನೆ ನಿಲ್ಲೋಕೂ ಒಬ್ಬ ಗಂಡಸು ಬೇಕಾ? ಒಂದು ಕಂಬ ನೆಟ್ರೆ ಸಾಲ್ದಾ?”

“ಗಾಳಿ ಬಂದ್ರೆ ಕಂಬ ವಾಲುತ್ತೆ ಕಣೇ. ನಾನು ಒಂದು ಹೆಜ್ಜೆ ಸರಿದ್ರೆ ನಕ್ಷೇಲಿ ಬೆಟ್ಟಾನೇ ಸರಿಯುತ್ತೆ.”

ಹಾಗೆನ್ನುವಾಗ ಅವನ ಮುಖ ನೋಡಬೇಕಿತ್ತು, ಬೆಟ್ಟವನ್ನೆಲ್ಲ ತಾನೇ ಹೊತ್ತವನ ಹಾಗೆ. ಅಂದಿನಿಂದ ಊಟಕ್ಕೆ ಕರೆಯುವಾಗಲೂ ಅವಳು ಕೈ ಒರೆಸುವ ಬಟ್ಟೆ ಬೀಸಿ ಅಣಕಿಸುತ್ತಿದ್ದಳು. “ಇಳೀರಿ ಮಹಾರಾಯರೇ, ಊಟ ಆರ್ತಿದೆ!”

ಆ ಚಳಿಗಾಲ ಒಂದು ಸಂಜೆ ಕಮರಿಯ ತುಂಬ ಮಂಜು ಕವಿಯಿತು. ಅಣ್ಣ ಬಟ್ಟೆ ಬೀಸಿದ. ಬೀಸಿದ ಕೈಯೇ ತನಗೆ ಕಾಣಲಿಲ್ಲ, ಆಚೆಯವನಿಗೆ ಎಲ್ಲಿಂದ ಕಂಡೀತು? ಅವನಿಗೇನು ಬುದ್ಧಿಯಿಲ್ಲವೇ, ತಾನೇ ಇಳಿದು ಆಚೆ ಬದಿಯ ಡೇರೆ ಸೇರುತ್ತಾನೆ ಎಂದುಕೊಂಡು ಅಣ್ಣ ಕಂಬಳಿ ಹೊದ್ದು ಮಲಗಿದ. ಬೆಳಿಗ್ಗೆ ಮಂಜು ಹರಿಯಿತು. ದುರ್ಬೀನಿಗೆ ಕಣ್ಣಿಟ್ಟರೆ ಬಾವುಟ ಅಲ್ಲೇ ಇತ್ತು. ಅದರ ಕೆಳಗೆ ಅವನೂ ಇದ್ದ.

ಅವನನ್ನು ಹೊತ್ತು ಮನೆಗೆ ತಂದಾಗ ಎದೆಯಲ್ಲಿ ಕಫ ಕಟ್ಟಿ ಉಸಿರು ಗೊರಗುಟ್ಟುತ್ತಿತ್ತು. ಅಣ್ಣ ಹೊಸಿಲಾಚೆಯೇ ನಿಂತ.

“ಮಂಜು ಕಣಮ್ಮ ತಂಗಿ... ಇಳೀತಾನೆ ಅಂದ್ಕೊಂಡೆ.”

“ಇಷ್ಟು ವರ್ಷ ದುರ್ಬೀನಲ್ಲಿ ಅವರನ್ನೇ ನೋಡಿದೆಯಲ್ಲಣ್ಣ. ಹೇಳದೆ ಇಳಿಯೋ ಜೀವವಾ ಅದು?”



ಡಾಕ್ಟರು ಮಲಗಿಸಿ ಎಂದರು. ಅವನು ಮಲಗಲೊಲ್ಲ. ಜ್ವರದ ಕಾವಿನಲ್ಲೇ ಎದ್ದು, ಕೋಲು ಹಿಡಿದವನಂತೆ ಮುಷ್ಟಿ ಕಟ್ಟಿ, ಕಿಟಕಿಯ ಪಕ್ಕ ನಿಲ್ಲುವನು. ಎಳೆದು ಮಲಗಿಸಿದರೆ ಮತ್ತೆ ಏಳುವನು. “ಇನ್ನೂ ಬೀಸಿಲ್ಲ” ಎನ್ನುವನು.

ಕೊನೆಗೊಂದು ಸಂಜೆ ಅಣ್ಣ ಬಿಳಿ ಬಟ್ಟೆ ಕೈಗೆತ್ತಿಕೊಂಡ. ಕೈ ಮೇಲೇಳಲಿಲ್ಲ. ಅವಳು ಅದನ್ನು ಕಿತ್ತುಕೊಂಡಳು. ಇಳಿದರೆ ಇವರು ಮತ್ತೆ ಏಳುವುದಿಲ್ಲ ಎಂದು ಅವಳ ಒಳಮನಸ್ಸು ಹೇಳುತ್ತಲೇ ಇತ್ತು. ಆದರೆ ಗಡಗಡ ನಡುಗುವ ಆ ಕಾಲುಗಳನ್ನು ನೋಡಲಾಗಲಿಲ್ಲ. ಎದುರು ಗೋಡೆಗೆ ಹೋಗಿ ನಿಂತು ಎರಡು ಸಲ ಬೀಸಿದಳು.

“ಅಳತೆ ಆಯ್ತು. ಇಳೀರಿ.”

ಅವನ ಮುಷ್ಟಿ ಸಡಿಲಿತು. “ನಾನು ಸರಿದಿಲ್ಲ ತಾನೇ?”

“ಕೂದಲೆಳೆಯಷ್ಟೂ ಇಲ್ಲ.”

ಹಾಸಿಗೆಗೆ ಇಳಿದ. ಮತ್ತೆ ಏಳಲಿಲ್ಲ.