ಕೀ ಜೇಬಲ್ಲಿ, ಮುಳ್ಳು ಕೆಂಪಲ್ಲಿ

ಆಯುಧಪೂಜೆಯ ಕುಂಕುಮ ಉದುರಿಹೋಗುತ್ತದೆಂದು ಮಾವನ ಜೀಪಿನ ಬೋಲ್ಟುಗಳನ್ನೆಲ್ಲ ಬಿಚ್ಚಿ, ಕೆಂಪು ಪೇಂಟನ್ನೇ ಬಳಿದ ಮಹಾಭಕ್ತ ನಾನು.

ಇವತ್ತು ತರೀಕೆರೆಯಿಂದ ಅಜ್ಜಂಪುರಕ್ಕೆ ಹೊರಟಾಗ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಸೀದಾ ಕೆಂಪು ಗೆರೆಗೆ ಏರಿತು. ಎಂಜಿನ್ ಸುಟ್ಟರೆ ಮಾವ ನನ್ನನ್ನೂ ಸುಡುತ್ತಾರೆ. ಗಾಡಿ ನಿಲ್ಲಿಸಿ, ಮೆಕ್ಯಾನಿಕ್ ರಾಜಣ್ಣನಿಗೆ ಫೋನ್ ಮಾಡಿ, ಕೀ ಕಿತ್ತು ಜೇಬಿಗಿಟ್ಟೆ. ಮುಳ್ಳು ಇಳಿಯಿತು. ಮಟಮಟ ಮಧ್ಯಾಹ್ನ, ರಸ್ತೆಯಲ್ಲಿ ಒಂದು ಕಾಗೆಯೂ ಇಲ್ಲ. ಕಾಲು ಚಾಚಿ ಕೂತೆ. ಸತ್ತ ಗಾಡಿಯಲ್ಲಿ ಮುಳ್ಳು ತಾನಾಗಿ ಮತ್ತೆ ಏರಿತು. ನಾನು ಹೆದರಿ ಸೆಟೆದುಕೊಂಡಷ್ಟೂ ಅದು ಕೆಂಪಿನಲ್ಲೇ ನಡುಗುತ್ತಿತ್ತು. ಹನುಮಂತನ ಹೆಸರೂ ಮರೆತುಹೋಯಿತು.

ಬೈಕಿನಲ್ಲಿ ಬಂದ ರಾಜಣ್ಣ ಇಣುಕಿ, "ಲೇ, ಬ್ರೇಕ್ ಮೇಲಿಂದ ಕಾಲ್ ತೆಗಿಯೋ," ಅಂದರು. ತೆಗೆದೆ. ಮುಳ್ಳು ಮಲಗಿತು.

"ಅರ್ತ್ ವೈರಿನ ಬೋಲ್ಟಿಗೆ ಪೇಂಟ್ ಬಳ್ದವ್ರೆ. ಬ್ರೇಕ್ ಲೈಟಿನ ಕರೆಂಟು ದಾರಿ ತಪ್ಪಿ ಮೀಟರಿಗೆ ನುಗ್ತೈತೆ. ಯಾವೋನಪ್ಪಾ ಬಳ್ದೋನು?"

"ಯಾರೋ ಪೆದ್ದ ಕಣಣ್ಣ."

ಪೇಂಟ್ ಕೆರೆದು, ಬೋಲ್ಟು ಬಿಗಿದು, ಸ್ಟಾರ್ಟ್ ಮಾಡಿಸಿದರು. ನನ್ನ ಕಾಲು ಬ್ರೇಕಿನ ಹತ್ತಿರವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮುಳ್ಳು ಮೆಲ್ಲಗೆ ಕೆಂಪಿನತ್ತ ತೆವಳಿತು.

"ನೋಡಣ್ಣ, ಇನ್ನೂ ಸುಳ್ಳೇ ಹೇಳ್ತೈತೆ," ಎಂದು ನಕ್ಕೆ.

ರಾಜಣ್ಣ ನಗಲಿಲ್ಲ. "ಈಗ್ಲೇ ಕಣೋ ಅದು ನಿಜ ಹೇಳ್ತಿರೋದು. ಆಫ್ ಮಾಡು, ಎಂಜಿನ್ ಕುದೀತೈತೆ."