ನಾನು ಹಾಕಿದ ಕಾಮಾಗಳು

ಹುಣಸೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು: ಕಾಮಾ ಹಿಂದಿನ ಪದಕ್ಕೆ ಅಂಟಿಕೊಂಡಿರಬೇಕು, ಮುಂದೆ ಒಂದು ಜಾಗ ಬಿಡಬೇಕು. ಜೊತೆಯ ಹುಡುಗಿಯರು ವೇಗದ ಹಿಂದೆ ಬಿದ್ದರು, ನಾನು ಕಾಮಾದ ಹಿಂದೆ ಬಿದ್ದೆ. 'ಇಫ್' ಎಂದು ಶುರುವಾದ ಮಾತು ಮುಗಿದಲ್ಲಿ ಒಂದು, 'ಹೌಎವರ್' ಆದಮೇಲೆ ಒಂದು, ಕರ್ತೃ ಕ್ರಿಯಾಪದಗಳ ನಡುವೆ ಮಾತ್ರ ಸುತರಾಂ ಕೂಡದು. ಅಪ್ಪನಿಗೆ ಬರುತ್ತಿದ್ದ ಸರ್ಕಾರಿ ಕಾಗದಗಳಲ್ಲೂ ತಪ್ಪು ಹುಡುಕುತ್ತಿದ್ದೆ. ಅಷ್ಟು ಜಂಬ ನನಗೆ.

ಎಪ್ಪತ್ತರ ದಶಕದ ಮೊದಲಲ್ಲಿ ಪಿರಿಯಾಪಟ್ಟಣದ ಒಂದು ಹೊಗೆಸೊಪ್ಪಿನ ಗೋದಾಮಿನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಮ್ಯಾನೇಜರು ಒಮ್ಮೆ ಕಾಮಾಗಳನ್ನು ರಾಗಿ ಎರಚಿದ ಹಾಗೆ ಎರಚುವರು, ಇನ್ನೊಮ್ಮೆ ಅರ್ಧ ಪುಟಕ್ಕೆ ಒಂದನ್ನೂ ಹಾಕರು. ನಾನು ತಿದ್ದಿದೆ. ಎರಡು ಸಲ ರೇಗಿದರು. ಮೂರನೆಯ ಸಲ, "ಕಾಮಾ ಎಲ್ಲ ನಿಮಗೇ ಬಿಟ್ಟೆ ಕಣಮ್ಮ, ನನ್ನ ತಲೆ ತಿನ್ನಬೇಡಿ" ಎಂದು ಕೈಮುಗಿದರು. ಅವತ್ತು ಗೆದ್ದೆ ಎಂದುಕೊಂಡೆ.

ಗೋದಾಮಿನ ಕಾವಲುಗಾರ ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಹಾಡಿಯವನು, ನಮ್ಮಪ್ಪನ ವಯಸ್ಸಿನವನು. ಮೂರು ವರ್ಷ ದಿನಗೂಲಿಯಲ್ಲಿ ದುಡಿದು, ಕೆಲಸ ಕಾಯಂ ಆಗುವ ಆರ್ಡರಿಗೆ ಕಾಯುತ್ತಿದ್ದ. ನಮ್ಮಲ್ಲಿ ಬೈಗುಳ, ದಂಡ ಎಲ್ಲ ಬಾಯಲ್ಲೇ ಆಗುತ್ತಿತ್ತು. ಕೂಲಿಯವರ ಕೈಗೆ ಟೈಪಾದ ಕಾಗದ ಬಂತೆಂದರೆ ಅದು ಕಾಯಂ ಆರ್ಡರೇ ಎಂದು ಎಲ್ಲರೂ ನಂಬಿದ್ದರು.

ಒಂದು ಶನಿವಾರ ಮ್ಯಾನೇಜರು ಆತನ ಹೆಸರಿಗೆ ಒಂದು ಕಾಗದ ಬರೆದುಕೊಟ್ಟರು. ಇಂಗ್ಲಿಷಿನಲ್ಲಿ ಅರ್ಧ ಪುಟ, ಒಂದೇ ವಾಕ್ಯ. ಸುಗ್ಗಿ ಮುಗಿದಿರುವುದರಿಂದ, ದಾಸ್ತಾನು ಇಳಿದಿರುವುದರಿಂದ, ನಿಮ್ಮ ಕೆಲಸ ತೃಪ್ತಿಕರವಾಗಿದ್ದರೂ, ಮುಂದಿನ ಒಂದನೇ ತಾರೀಕಿನಿಂದ ನಿಮ್ಮ ಸೇವೆ ಅಗತ್ಯವಿಲ್ಲ. ಕಾಮಾಗಳನ್ನು ಒಂದೊಂದಾಗಿ ಕೂರಿಸಿದೆ. ಒಂದು ಕಾಮಾ ಒಂದು ಜಾಗ ಆಚೆ ಬಿತ್ತು. ರಬ್ಬರಿನಲ್ಲಿ ಉಜ್ಜಿದ ಗುರುತು ಉಳಿಯಬಾರದೆಂದು ಇಡೀ ಹಾಳೆಯನ್ನೇ ಮತ್ತೆ ಹೊಡೆದೆ. ಆಗ ಸಂಕಟವಾಯಿತು ಎಂದರೆ ಸುಳ್ಳಾಗುತ್ತದೆ. ಹಾಳೆ ಅಷ್ಟು ಚೊಕ್ಕವಾಗಿ ಬಂದಿದ್ದಕ್ಕೆ ಖುಷಿಯಾಗಿತ್ತು. ಮ್ಯಾನೇಜರು ಆತನ ಹೆಬ್ಬೆಟ್ಟು ಒತ್ತಿಸಿಕೊಂಡು, ಕಾಗದ ಕೊಟ್ಟು, ಏನೂ ಹೇಳದೆ ಮೈಸೂರಿನ ಬಸ್ಸು ಹತ್ತಿದರು.

ಸೋಮವಾರ ಬೆಳಿಗ್ಗೆ ಆತ ನನ್ನ ಮೇಜಿನ ಮುಂದೆ ನಿಂತಿದ್ದ. ಕಾಗದದ ನಾಲ್ಕು ಮೂಲೆಗೂ ಅರಿಸಿನ ಕುಂಕುಮ.

"ಆರ್ಡರ್ ಬಂದ್ಬುಡ್ತಲ್ಲ ಅಮ್ಮಾವ್ರೇ, ದೇವ್ರ ಮುಂದೆ ಮಡಗಿದ್ವಿ. ಏನ್ ಬರ್ದವ್ರೆ ಓದಿ ಏಳಿ. ಮೊದ್ಲು ಇಂಗ್ಲೀಸ್ನಾಗೇ ಒಂದ್ಸಲ ಓದಿ, ಕೇಳ್ಬುಡನ."

ನಿಜ ಹೇಳುವುದನ್ನು ಮುಂದೂಡಲು ಬೇರೆ ದಾರಿ ತೋಚದೆ ಇಂಗ್ಲಿಷಿನಲ್ಲೇ ಓದತೊಡಗಿದೆ. ಕಲಿತ ಅಭ್ಯಾಸ, ಕಾಮಾ ಬಂದಲ್ಲಿ ನಿಂತೆ. ಆತ "ಹೂಂ" ಎಂದ. ಮುಂದಿನ ಕಾಮಾಕ್ಕೆ ಮತ್ತೆ "ಹೂಂ". ಕತೆ ಕೇಳುವವರು ಹೂಂಗುಟ್ಟುತ್ತಾರಲ್ಲ, ಹಾಗೆ, ಕಣ್ಣರಳಿಸಿಕೊಂಡು. ಅಷ್ಟು ಅಚ್ಚುಕಟ್ಟಾಗಿ ನಿಲ್ಲುವ ಜಾಗಗಳನ್ನು ಮಾಡಿಟ್ಟವಳು ನಾನೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಒಂದನೇ ತಾರೀಕಿಂದ ಕೆಲಸಕ್ಕೆ ಬರೋದು ಬೇಡ ಅಂತ ಬರೆದಿದ್ದಾರೆ ಅಣ್ಣಾ" ಎಂದೆ.

ಈ ಸಲ ಹೂಂ ಎನ್ನಲಿಲ್ಲ. ನನ್ನ ಕೈಯಿಂದ ಕಾಗದ ತೆಗೆದುಕೊಂಡ. ಕುಂಕುಮ ಉದುರದಂತೆ ಮೆಲ್ಲಗೆ ಮಡಚಿದ.

"ಇದನ್ನ ಟೈಪ್ ಮಾಡಿದ್ದು ನಾನೇ" ಎಂದೆ. ಹೇಳದೆ ಇರಲಾಗಲಿಲ್ಲ.

"ಗೊತ್ತು ತಾಯಿ. ಆರ್ಡರ್ ನಿಮ್ ಕೈಯಾಗೇ ಆಗಿದ್ದು ಅಂತ ನನ್ನೆಂಡ್ರು ಇದ ಕಳ್ಸವ್ಳೆ" ಎಂದು ಹೆಗಲ ಟವಲ್ಲಿನ ಗಂಟು ಬಿಚ್ಚಿದ. ಕಾಡಿನ ನೆಲ್ಲಿಕಾಯಿ. ಅಷ್ಟನ್ನೂ ನನ್ನ ಮಿಷನ್ನಿನ ಪಕ್ಕ ಸುರಿದು, ಖಾಲಿ ಟವಲ್ಲು ಕೊಡವಿಕೊಂಡು ಹೊರಟುಹೋದ.